ಸೊನ್ನೆ ಬಾರದ ಜಿಲ್ಲೆ

ರೋಗಿ ಹೇಳಿದ್ದನ್ನೆಲ್ಲ ನಂಬುವ ಯಂತ್ರವೊಂದನ್ನು ಮಾಡಿದರೆ ಏನಾಗುತ್ತದೆ? ಗುಳೇದಗುಡ್ಡದಲ್ಲಿ ಏನಾಯಿತೆಂದರೆ, ಹನ್ನೊಂದು ವರ್ಷದ ದಾಕ್ಷಾಯಣಿ ಬೆಳಗಿನ ರೊಟ್ಟಿ ತಿನ್ನುತ್ತ ತಿನ್ನುತ್ತಲೇ ತಾಟಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು.

"ಏ ದಾಕ್ಷಿ, ಏಳ ಬೇ!" ತಾಯಿ ಇಂದುಮತಿ ಭುಜ ಹಿಡಿದು ಅಲುಗಾಡಿಸಿದಳು. ಹುಡುಗಿ ಕಣ್ಣು ಅರ್ಧ ತೆರೆದು, "ನಿದ್ದಿ ಬರ್ತೈತಿ ಯವ್ವಾ" ಎಂದು ಮತ್ತೆ ಮುಚ್ಚಿದಳು. ಕೆನ್ನೆಗೆ ಬದನೆಕಾಯಿ ಪಲ್ಯ ಮೆತ್ತಿಕೊಂಡಿತ್ತು.

"ಅತ್ತೀ, ಏನಾಗೇತ್ರಿ ಇದಕ್ಕ? ಹತ್ತು ತಾಸು ಮಲಗಿ ಎದ್ದೈತಿ."

ಅತ್ತೆ ಹಂಪವ್ವ ಒಲೆಯ ಮುಂದಿನಿಂದ ತಿರುಗಲಿಲ್ಲ. "ಎಣಿಸಬ್ಯಾಡ. ಮಕ್ಕಳ ನಿದ್ದಿ, ಮಕ್ಕಳ ಊಟ ಎಣಿಸಬಾರದು. ನೀ ಬಸ್ಸಿಗೆ ಹೋಗು. ಏಳಕ್ಕ ಎಣ್ಣಿ ನಾ ಹಾಕ್ತೀನಿ."

ಇಂದುಮತಿಗೆ ಸಿಟ್ಟು ಬಂತು. ಅವಳಿಗೆ ಸಿಟ್ಟು ಬರಲು ಹೆಚ್ಚು ಹೊತ್ತು ಬೇಕಿರಲಿಲ್ಲ. ಆದರೆ ಆರೂವರೆಯ ಬಸ್ಸು ಯಾರ ಸಿಟ್ಟಿಗೂ ಕಾಯುವುದಿಲ್ಲ. ಮಗಳ ಕೆನ್ನೆ ಒರೆಸಿ, ಚಾಪೆಯ ಮೇಲೆ ಮಲಗಿಸಿ, ಚಪ್ಪಲಿ ಮೆಟ್ಟಿ ಓಡಿದಳು. ಗಂಡ ಸೊಲ್ಲಾಪುರದ ಬಸ್ಸಿನ ಡ್ರೈವರು, ಎರಡು ದಿನಕ್ಕೊಮ್ಮೆ ಮನೆ ಕಾಣುವವನು. ಮನೆಯ ಬೆಳಗುಗಳೆಲ್ಲ ಅತ್ತೆಯ ಕೈಯಲ್ಲೇ ಇದ್ದವು.

ಎಣ್ಣೆ ಎಂದರೆ ಗಾಂಜಾ ಗಿಡದ ಎಣ್ಣೆ. ನಶೆ ಏರಿಸುವ ಅಂಶವನ್ನು ತೆಗೆದುಹಾಕಿ, ಮೂರ್ಛೆ ತಡೆಯುವ ಮತ್ತು ನೋವು ಇಳಿಸುವ ಅಂಶವನ್ನಷ್ಟೇ ಉಳಿಸಿ ಸರ್ಕಾರವೇ ಕೊಡುತ್ತಿತ್ತು. ‘ಶಮನ’ ಎಂಬ ಆನ್‌ಲೈನ್ ನೋಂದಣಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಮೊದಲ ಸಲ ಬಾಟಲಿ ಮನೆಗೆ ಬಂದಾಗ ಹಂಪವ್ವ, "ಬೈರಾಗಿ ಸೇದೋದನ್ನ ಕೂಸಿಗೆ ಕುಡಿಸ್ತೀರೇನು?" ಎಂದು ಮೂರು ದಿನ ಸೊಸೆಯೊಂದಿಗೆ ಮಾತು ಬಿಟ್ಟಿದ್ದಳು. ಆಗ ದಾಕ್ಷಿಗೆ ದಿನಕ್ಕೆ ನಾಲ್ಕೈದು ಸಲ ಮೂರ್ಛೆ ಬರುತ್ತಿತ್ತು. ನಾಲಿಗೆ ಕಚ್ಚಿಕೊಂಡು ಬಾಯಿತುಂಬ ರಕ್ತ. ಶಾಲೆಯವರು ಕಳಿಸಬೇಡಿ ಎಂದಿದ್ದರು. ಒಂದು ತಿಂಗಳು ಎಣ್ಣೆ ಬಿದ್ದ ಮೇಲೆ ಬಾಟಲಿಯನ್ನು ದೇವರ ಜಗುಲಿಯ ಪಕ್ಕದಲ್ಲಿ ಇಟ್ಟವಳೂ ಹಂಪವ್ವನೇ.

ಬಾಟಲಿಯ ಮುಚ್ಚಳದಲ್ಲೇ ಯಂತ್ರದ ಕಿವಿ, ಬಾಯಿ. ಬೆಳಿಗ್ಗೆ ಏಳಕ್ಕೆ ಅದು ಕೇಳುತ್ತದೆ: "ನಿನ್ನೆ ಎಷ್ಟು ಸಲ ಬಂತು?" ನೋವಿನವರಾದರೆ, "ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು?" ಉತ್ತರ ಹೇಳಿದರೆ ಮುಚ್ಚಳ ತನಗೆ ತಿಳಿದಷ್ಟು ಹನಿ ಬಿಡುತ್ತದೆ. ಸತತ ಹತ್ತು ದಿನ ಒಮ್ಮೆಯೂ ಸೊನ್ನೆ ಬಾರದಿದ್ದರೆ ಒಂದು ಹನಿ ಹೆಚ್ಚು. ಮಿತಿ ಮುಟ್ಟಿದರೂ ಸೊನ್ನೆ ಬಾರದಿದ್ದರೆ, ಈ ದೇಹಕ್ಕೆ ಈ ಔಷಧ ಒಗ್ಗಿಲ್ಲವೆಂದು ನಿಲ್ಲಿಸುತ್ತದೆ.

ಮೊದಲಿನ ಯಂತ್ರಗಳು ರಕ್ತ ನೋಡಿ, ನಾಡಿ ನೋಡಿ, "ನಿಮಗೆ ನೋವಿಲ್ಲ" ಎಂದು ನೋವಿನವರಿಗೇ ಹೇಳುತ್ತಿದ್ದವು. ಜನ ರೊಚ್ಚಿಗೆದ್ದರು. ಮಕ್ಕಳ ಮೈಗೆ ಅಳೆಯುವ ಪಟ್ಟಿ ಕಟ್ಟಬಾರದೆಂದು ಕೋರ್ಟೂ ಹೇಳಿತು. ಕೊನೆಗೆ ಬಂದ ಕಾನೂನು ಒಂದೇ ಸಾಲಿನದು: ರೋಗಿಯ ಮಾತೇ ಕೊನೆಯ ಮಾತು. ಒಳ್ಳೆಯ ಕಾನೂನು. ಮಾಡಿದವರು ಹಂಪವ್ವನಂಥವರ ಮನೆಯಲ್ಲಿ ಹುಟ್ಟಿರಲಿಲ್ಲ, ಅಷ್ಟೇ.

*

ಇಂದುಮತಿ ಕೆಲಸ ಮಾಡುವ, ಜಿಲ್ಲಾ ಕೇಂದ್ರದ ‘ಶಮನ’ ನಿಯಂತ್ರಣ ಕೊಠಡಿ ಎಂದರೆ ಹಳೆಯ ನೇಕಾರರ ಸೊಸೈಟಿಯ ಎರಡನೇ ಮಹಡಿ. ಆರು ಪರದೆ, ನಾಲ್ಕು ಕುರ್ಚಿ, ತಿರುಗಿದರೆ ಕಿರುಗುಟ್ಟುವ ಒಂದು ಫ್ಯಾನು. ಗೋಡೆಯ ನಕ್ಷೆಯಲ್ಲಿ ರಾಜ್ಯದ ಜಿಲ್ಲೆಗಳೆಲ್ಲ ಹಸಿರು, ಇವರದೊಂದು ಕೆಂಪು.

"ಇಂದು ಅಕ್ಕಾ, ಇವತ್ತ ಸಂಜಿ ಐದಕ್ಕ ನಮ್ಮದು ಮುಗೀತು," ಎಂದ ಫಯಾಜ್. ದತ್ತಾಂಶ ನೋಡುವ ಹುದ್ದೆ ಅವನದು, ಮೂವತ್ತು ದಾಟಿದ್ದರೂ ಬಾಯಿ ಮಾತ್ರ ಹದಿನೆಂಟರದು.

"ಏನು ಮುಗೀತು?"

ಅವನು ಪರದೆ ತಿರುಗಿಸಿದ. ‘ಈ ಜಿಲ್ಲೆಯಲ್ಲಿ ಔಷಧ ಪರಿಣಾಮಕಾರಿಯಾಗಿಲ್ಲ. ಪೂರೈಕೆ ನಿಲುಗಡೆ ಸಂಜೆ ಐದಕ್ಕೆ. ದಾಸ್ತಾನು ಬೇರೆ ಜಿಲ್ಲೆಗಳಿಗೆ.’

"ಯಾವನ್ ಅವ, ಪರಿಣಾಮ ಇಲ್ಲ ಅಂದವ?" ಇಂದುಮತಿಯ ದನಿ ಏರಿತು.

"ನಮ್ಮ ಮಂದೀನ ಅಂದಾರ. ನಾಲ್ಕುನೂರಾ ಹನ್ನೆರಡು ರೋಗಿಗಳು, ಆರು ತಿಂಗಳ ಮ್ಯಾಲಾತು. ಎಪ್ಪತ್ತೆಂಟು ಸಾವಿರ ಉತ್ತರ ಕೊಟ್ಟಾರ. ಅದರಾಗ ಸೊನ್ನೆ ಎಷ್ಟು ಹೇಳು."

"ಎಷ್ಟು?"

"ಹನ್ನೊಂದು. ಆ ಹನ್ನೊಂದೂ ಮಂಗಳೂರಿಂದ ವರ್ಗ ಆಗಿ ಬಂದಿದ್ದ ಬ್ಯಾಂಕ್ ಮ್ಯಾನೇಜರದು."

ಇಂದುಮತಿ ಕುರ್ಚಿಯಲ್ಲಿ ಕುಳಿತಳು. ರೋಗಿಗಳನ್ನು ಅವಳು ಕಣ್ಣಾರೆ ಕಂಡಿದ್ದಳು. ಕೋಲು ಬಿಟ್ಟು ನಡೆದವರನ್ನು, ಶಾಲೆಗೆ ಮರಳಿದ ಮಕ್ಕಳನ್ನು. ಇದು ಹೇಗೆ ಸಾಧ್ಯ?

"ನಿಮ್ಮ ಹುಡುಗಿ ಹೆಂಗದಾಳ?" ಫಯಾಜ್ ಕೇಳಿದ.

"ಏನೋ... ಪರವಾಗಿಲ್ಲ. ನಡದೈತಿ."

"ಕಡೀಕ ಫಿಟ್ಸ್ ಯಾವಾಗ ಬಂದಿತ್ತು?"

ಇಂದುಮತಿ ಬಾಗಿಲ ಕಡೆ ನೋಡಿದಳು. ಕೊಠಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಹತ್ತಿರ ಬಾಗಿ, ಪಿಸುಗುಟ್ಟಿದಳು. "ದೀಪಾವಳಿ ಆದಮ್ಯಾಲೆ ಬಂದಿಲ್ಲ." ಹೇಳಿದ ಮರುಕ್ಷಣ "ಥೂ, ಥೂ" ಎಂದು ಬಲಕ್ಕೆ ಎಡಕ್ಕೆ ಉಗುಳಿದಂತೆ ಮಾಡಿದಳು.

ಫಯಾಜ್ ಅವಳನ್ನೇ ನೋಡಿದ. "ಅಕ್ಕಾ, ಐತವಾರ ನಿಂಗ ರಜಾ. ಐತವಾರ ಮುಚ್ಚಳಕ್ಕ ಉತ್ತರ ಹೇಳೋಳು ನೀನ ಅಲ್ಲ?"

"ಹೌದು."

"ಏನ್ ಹೇಳ್ತಿ?"

ಇಂದುಮತಿ ಪರದೆಯ ಕಡೆ ತಿರುಗಿದಳು. ಐತವಾರ ಅವಳು "ಒಂದು" ಎನ್ನುತ್ತಿದ್ದಳು. "ಒಂದು, ಸಣ್ಣದು." ಅದು ಸುಳ್ಳು ಎಂದು ಅವಳಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ಚಂದದ ಕೂಸಿನ ಗಲ್ಲಕ್ಕೆ ಕಪ್ಪು ಬೊಟ್ಟು ಇಟ್ಟರೆ ಅದು ಸುಳ್ಳೇ? ಯಾರಾದರೂ ಹೇಗಿದ್ದೀರಿ ಎಂದರೆ, ಬೆಟ್ಟದಂತೆ ಗಟ್ಟಿ ಇದ್ದವನೂ "ಏನೋ ನಡದೈತ್ರಿ" ಅನ್ನುವ ಊರು ಅದು. ಪೂರ್ತಿ ಆರಾಮ ಎಂದು ಬಾಯಿ ಬಿಟ್ಟರೆ ಕೇಳಿಸಿಕೊಳ್ಳುವವರು ಕೇಳಿಸಿಕೊಳ್ಳುತ್ತಾರೆ. ಇದ್ದ ಸುಖಕ್ಕೆ ನದರು ಹತ್ತುತ್ತದೆ.

"ನಮ್ಮಮ್ಮೀನೂ ಹಂಗ," ಎಂದ ಫಯಾಜ್. ಈಗ ಅವನು ನಗುತ್ತಿರಲಿಲ್ಲ. "ಮೊಣಕಾಲು ನೋವು ನಾಕು ಅಂತಾಳ. ನಾಕು ಅನ್ಕೋತ ಮ್ಯಾಳಗಿ ಹತ್ತಿ ಹಪ್ಪಳ ಒಣಗಸ್ತಾಳ."

ಆಗ ಇಂದುಮತಿಗೆ ಬೆಳಗಿನ ತಾಟು ನೆನಪಾಯಿತು. ಸೊನ್ನೆ ಬಾರದಿದ್ದರೆ ಹತ್ತು ದಿನಕ್ಕೊಂದು ಹನಿ.

"ಫಯಾಜ್, ದಾಕ್ಷಿ ಕಡತ ತೆಗಿ."

"ನಿಮ್ಮವರ ಕಡತ ನೀ ನೋಡೂ ಹಂಗಿಲ್ಲ."

"ನಾ ನೋಡಂಗಿಲ್ಲೋ ಮಾರಾಯಾ, ನೀ ನೋಡಿ ಹೇಳು!"

ಅವನು ತೆಗೆದ. ಓದುತ್ತ ಓದುತ್ತ ದನಿ ಇಳಿಯಿತು. "ಶುರುವಿಗೆ ಆರು ಹನಿ. ದೀಪಾವಳಿ ಹೊತ್ತಿಗೆ ಹನ್ನೊಂದು. ಇವತ್ತ ಬೆಳಿಗ್ಗೆ... ಇಪ್ಪತ್ತೈದು. ನಾಳೆ ಇಪ್ಪತ್ತಾರು. ಅದು ಮಿತಿ ಅಕ್ಕಾ. ಆಮ್ಯಾಲೆ ಪೂರ್ತಿ ಬಂದ್."

ಹನ್ನೊಂದು ಹನಿಗೇ ನಿಂತ ರೋಗಕ್ಕೆ ಇಪ್ಪತ್ತೈದು. ಮಗು ತಾಟಿನ ಮೇಲೆ ಮಲಗದೆ ಇನ್ನೇನು ಮಾಡೀತು! ಈ ವೇಗದಲ್ಲಿ ಪಿತ್ತಜನಕಾಂಗವೂ ಕೆಡಬಹುದು. ಇಂದುಮತಿ ಮನೆಗೆ ಫೋನ್ ಹಚ್ಚಿದಳು.

"ಅತ್ತೀ, ಬೆಳಿಗ್ಗೆ ಮುಚ್ಚಳಕ್ಕ ಎಷ್ಟು ಹೇಳಿದ್ರಿ?"

"ಯಾವಾಗಿನಂಗ. ಒಂದು."

"ಬಂದಿತ್ತೇನು?"

"ಬಿಡ್ತು ಅನ್ನು! ಯಾಕ ಬರ್ತೈತಿ?" ಹಂಪವ್ವ ಗದರಿದಳು.

"ಮತ್ಯಾಕ ಒಂದು ಅಂದ್ರಿ?"

"ನೀ ಓದಿದಾಕಿ, ನಿಂಗ ತಿಳಿಯಂಗಿಲ್ಲ. ಒಂದು ಅಂತ ಒಗದ್ರ ಕೆಟ್ಟದ್ದು ಅಷ್ಟಕ್ಕ ತೃಪ್ತಿ ಆಗಿ ಹೋಗ್ತೈತಿ."

ಇಂದುಮತಿ ಬೈಯಬೇಕೆಂದು ಬಾಯಿ ತೆರೆದಳು. ತಾನೂ ಅದನ್ನೇ ಒಗೆದಿದ್ದು ನೆನಪಾಗಿ ಮುಚ್ಚಿದಳು. "ನಾಳೆ ಹನಿ ಹಾಕಬ್ಯಾಡ್ರಿ. ನಾ ಹೇಳೋತನಕ ಬಾಟಲಿ ಮುಟ್ಟಬ್ಯಾಡ್ರಿ," ಎಂದು ಇಟ್ಟಳು.

*

ನಾಲ್ಕು ಗಂಟೆಗೆ ಬೆಂಗಳೂರಿನ ಡಾಕ್ಟರ್ ವಾರಿಜಾ ಪರದೆಯ ಮೇಲೆ ಬರುವವರಿದ್ದರು. ನೋಂದಣಿಯ ಮುಖ್ಯಸ್ಥೆ. ಅಷ್ಟರೊಳಗೆ ಸಾಕ್ಷಿ ಬೇಕು. ಇಂದುಮತಿ ಪಟ್ಟಿ ಹಿಡಿದು ಒಬ್ಬೊಬ್ಬರಿಗೆ ಫೋನ್ ಮಾಡಿದಳು.

ಕಲ್ಲು ಗಣಿಯಲ್ಲಿ ದುಡಿದು ಸೊಂಟ ಮುರಿದುಕೊಂಡಿದ್ದ ಶಿವಪುತ್ರಪ್ಪ ಸಿಕ್ಕ. "ಯಜಮಾನ್ರ, ನೋವು ಖರೇ ಹೇಳ್ರಿ, ಎಷ್ಟು?"

"ಐದು ಹಾಕು ತಂಗಿ."

"ಖರೇ ಐದೇನ್ರೀ?"

"ನಿಂಗ ಐದು ಬ್ಯಾಡಾದ್ರ ನಾಕು ಹಾಕು. ನಂದೇನೈತಿ."

"ಸೊನ್ನೆ ಐತೇನ್ರೀ?"

"ನಿನಗ ನಮ್ಮ ಮ್ಯಾಲೆ ಏನ್ ಸಿಟ್ಟವ್ವ?" ಎಂದು ಫೋನ್ ಇಟ್ಟೇಬಿಟ್ಟ.

ಹತ್ತು ಮಂದಿಗೆ ಮಾಡಿದಳು. ಹತ್ತೂ ಹೀಗೆಯೇ. ಹನ್ನೊಂದನೆಯದು ಕಮತಗಿಯ ಗೌರಾಬಾಯಿ. ಅವಳ ಏಳು ವರ್ಷದ ಮಗನಿಗೂ ಮೂರ್ಛೆ ರೋಗ. ಇಂದುಮತಿಗೆ ಅಷ್ಟರಲ್ಲಿ ತಾಳ್ಮೆ ತಪ್ಪಿತ್ತು. "ಎಷ್ಟು ಬಂತು ಅಂತ ಕೇಳಂಗಿಲ್ಲವ್ವ, ಸಾಕಾಗೇತಿ. ನಿನ್ನ ಮಗ ಇವತ್ತ ಏನ್ ಕಿತಾಪತಿ ಮಾಡ್ಯಾನ ಅದನ್ನರ ಹೇಳು," ಎಂದು ರೇಗಿದಳು.

ಕಟ್ಟೆ ಒಡೆಯಿತು. "ಅಯ್ಯ, ಅವನ ಹೆಸರು ಎತ್ತಬ್ಯಾಡ್ರಿ! ಬೇವಿನ ಗಿಡ ಹತ್ತಿ ಕುಂತಾನ ಹಾಳಾದವ. ಮೊನ್ನೆ ಮಾವನ ಸೈಕಲ್ ತಗೊಂಡು ಕೆರಿ ಮಟ ಹೋಗಿದ್ದ. ನನ್ನ ಜೀವಾ ತಿಂತಾನ್ರಿ, ಒಂದು ಗಳಿಗಿ ಕುಂದ್ರಂಗಿಲ್ಲ!"

ಇಂದುಮತಿ ಎದ್ದು ನಿಂತಳು. ಹೋದ ವರ್ಷ ಆ ಹುಡುಗನನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಬಿದ್ದು ತಲೆ ಒಡೆದುಕೊಳ್ಳುತ್ತಾನೆಂದು ಕಂಬಕ್ಕೆ ಸೀರೆ ಕಟ್ಟಿ ಕೂಡಿಸುತ್ತಿದ್ದರು.

ಸುಖ ಹೇಳಲು ಬಾಯಿ ಬಾರದ ಜನಕ್ಕೆ ಬೈಯಲು ಬಾಯಿ ಚೆನ್ನಾಗಿ ಬರುತ್ತಿತ್ತು. ಅವಳೂ ಫಯಾಜನೂ ಸರಸರನೆ ಫೋನ್ ಮಾಡಿದರು. ಕೇಳಿದ್ದು ಇಷ್ಟೇ: ಇವತ್ತು ಯಾರ ಮೇಲೆ ಸಿಟ್ಟು ಬಂತು? ಯಾತಕ್ಕೆ ದಣಿವಾಯಿತು? "ನಾಕ ತಾಸು ಮಗ್ಗದ ಮುಂದ ಕುಂತು ಸಾಕಾತ್ರಿ" ಎಂದವಳು ಹಿಂದೆ ಐದು ನಿಮಿಷ ಕೂರಲಾರದವಳು. ಶಿವಪುತ್ರಪ್ಪನ ಹೆಂಡತಿ ಸಿಕ್ಕಳು. "ಈ ಮುದುಕ ನಸಿಕಿನ್ಯಾಗ ಎದ್ದು ಗುಡ್ಡ ಹತ್ತತಾನವ್ವ, ನನ್ನ ಮಾತು ಕೇಳಂಗಿಲ್ಲ!" ನಾಲ್ಕು ಗಂಟೆಯ ಹೊತ್ತಿಗೆ ನಲವತ್ತಾರು ಮನೆಯ ಬೈಗುಳ ದಾಖಲಾಗಿದ್ದವು.

*

ಡಾಕ್ಟರ್ ವಾರಿಜಾ ಆರು ಬೈಗುಳ ಕೇಳಿದರು. ಎರಡನೆಯದಕ್ಕೆ ನಕ್ಕರು. ಆರನೆಯದಕ್ಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಂಗೆ ಅರ್ಥ ಆಯ್ತು, ಇಂದುಮತಿಯವರೇ. ಆದ್ರೆ ಸಮಿತಿಗೆ ಇದು ಸಾಕಾಗಲ್ಲ. ಕಾನೂನಿನ ಪ್ರಕಾರ ಅವರ ಎಪ್ಪತ್ತೆಂಟು ಸಾವಿರ ಉತ್ತರ ನಿಜ. ಇದು ಹರಟೆ."

"ಹರಟಿ ಅಲ್ಲ ಮೇಡಂ, ಇದೇ ಖರೇ!"

"ಕೂಗ್ಬೇಡಿ. ಒಬ್ಬರಾದ್ರೂ ದಾಖಲೆಯಲ್ಲಿ, ‘ನಾನು ಕೊಟ್ಟ ಉತ್ತರ ಸುಳ್ಳು’ ಅಂತ ಒಪ್ಕೊಂಡ್ರೆ ನಾನು ಮೂವತ್ತು ದಿನ ತಡೆ ಹಾಕಬಹುದು. ಎಲ್ಲರ ಹನಿಯನ್ನೂ ಡಾಕ್ಟರ್‌ಗಳು ಕೂತು ಮತ್ತೆ ನೋಡಬಹುದು. ಒಬ್ಬರು ಸಾಕು."

ಫಯಾಜ್ ಗೋಡೆ ನೋಡಿದ. ಒಂಬತ್ತನೆಯ ನಿಯಮ ಇಬ್ಬರಿಗೂ ಬಾಯಿಪಾಠ. ಸುಳ್ಳು ಉತ್ತರ ಕೊಟ್ಟವರ ಹೆಸರು ಆ ಕ್ಷಣವೇ ರದ್ದು. ಮುಚ್ಚಳಕ್ಕೆ ಬೀಗ. ಮತ್ತೆ ಸೇರಬೇಕಾದರೆ ಏಳು ದಿನ ಎಣ್ಣೆಯಿಲ್ಲದೆ ಇದ್ದು, ಏಳೂ ದಿನದ ಲೆಕ್ಕ ಕೊಟ್ಟು, ಹೊಸ ರೋಗಿಯಾಗಿ ಬರಬೇಕು. ಯಂತ್ರ ಎಲ್ಲವನ್ನೂ ನಂಬುವುದರಿಂದಲೇ ಈ ನಿಯಮ ಅಷ್ಟು ಕಠಿಣವಾಗಿತ್ತು. ಮೂರ್ಛೆಯವರಿಗೆ ಏಳು ದಿನ ಎಂದರೆ ಏಳು ದಿನವಲ್ಲ. ಒಮ್ಮೆಲೇ ನಿಲ್ಲಿಸಿದ ಮದ್ದಿಗೆ ಸೇಡಿನ ಗುಣವಿರುತ್ತದೆ.

ನೋವಿನ ದೊಡ್ಡವರು ತಾವೇ ಒಪ್ಪಬೇಕು, ಅವರು ಸೊನ್ನೆ ಎಂದರೆ ಫೋನ್ ಇಡುವವರು, ಫಯಾಜನ ಅಮ್ಮಿಯೂ ಅಷ್ಟೇ. ಮಕ್ಕಳ ಪರವಾಗಿ ತಾಯಿ ಒಪ್ಪಬಹುದು, ಆದರೆ ಯಾರಿಗೆ ಫೋನ್ ಮಾಡಿ, ನಿನ್ನ ಮಗುವಿನ ಹೆಸರು ತೆಗೆಸು ಎಂದು ಹೇಳುವುದು? ಗೌರಾಬಾಯಿಗೆ?

ಗಡಿಯಾರದಲ್ಲಿ ನಾಲ್ಕೂವರೆ.

ಇಂದುಮತಿ ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡಳು. "ಬರಕೊಳ್ರಿ. ದಾಕ್ಷಾಯಣಿ, ವಯಸ್ಸು ಹನ್ನೊಂದು, ಗುಳೇದಗುಡ್ಡ. ದೀಪಾವಳಿಯಿಂದ ನಾವು ಹೇಳಿದ್ದು ಸುಳ್ಳು."

"ಯಾರಿವಳು?"

"ನನ್ನ ಮಗಳು."

ಡಾಕ್ಟರ್ ಮತ್ತೆ ಕನ್ನಡಕ ಹಾಕಿಕೊಂಡರು. "ಯೋಚನೆ ಮಾಡಿ ಹೇಳ್ತಿದ್ದೀರಾ? ಈ ನಿಯಮ ನಾನೂ ಮುರಿಯೋಕಾಗಲ್ಲ."

"ಯೋಚನಿ ಮಾಡಿದ್ರ ಹೇಳಾಕ ಆಗಂಗಿಲ್ರಿ."

"ನಿಜವಾದ ಸಂಖ್ಯೆ ಬೇಕು. ಎಷ್ಟು?"

ಒಂದು ಸಣ್ಣ ಪದ. ಅದನ್ನೇ ಇಂದುಮತಿ ದಿನವಿಡೀ ಬೇರೆಯವರ ಬಾಯಿಂದ ಹೊರಡಿಸಲು ನೋಡಿದ್ದಳು. ಓದಿದವಳು, ಕಂಪ್ಯೂಟರ್ ಮುಂದೆ ಕೂರುವವಳು, ಅತ್ತೆಯ ನಂಬಿಕೆಗಳನ್ನು ಆಡಿಕೊಂಡವಳು. ಮೇಜಿನ ಅಂಚು ಹಿಡಿದುಕೊಂಡು, ಜಗಳಕ್ಕೆ ನಿಂತವಳಂತೆ ಕೂಗಿಯೇ ಹೇಳಿದಳು: "ಸೊನ್ನೆ! ನೂರಾ ನಲವತ್ತು ದಿನ ಸೊನ್ನೆ!"

ನಾಲ್ಕು ಗಂಟೆ ಐವತ್ತೊಂದು ನಿಮಿಷಕ್ಕೆ ನಕ್ಷೆಯ ಕೆಂಪು ಹಳದಿಯಾಯಿತು. ಅದೇ ನಿಮಿಷ ಗುಳೇದಗುಡ್ಡದ ಮನೆಯಲ್ಲಿ ದೇವರ ಜಗುಲಿಯ ಪಕ್ಕದ ಮುಚ್ಚಳ ಕಟಕ್ ಎಂದು ಬೀಗ ಹಾಕಿಕೊಂಡಿತು.

*

ಬೆಂಗಳೂರಿನ ಡಾಕ್ಟರ್ ಸ್ಥಳೀಯ ಆಸ್ಪತ್ರೆಗೆ ತಾವೇ ಫೋನ್ ಮಾಡಿ, ಹಳೆಯ ಗುಳಿಗೆಗಳನ್ನು ಕೊಡಿಸಿದ್ದರು. ರೋಗವನ್ನು ತಡೆಯಲು ಎಂದೂ ಆಗದಿದ್ದ ಗುಳಿಗೆಗಳು. ಹೊಡೆತ ಸ್ವಲ್ಪ ಮೆತ್ತಗೆ ಬೀಳಲಿ ಎಂದಷ್ಟೇ.

ಹಂಪವ್ವ ಎಲ್ಲ ಕೇಳಿಸಿಕೊಂಡಳು. ಇಪ್ಪತ್ತೈದು ಹನಿಯ ವಿಷಯ ಬಂದಾಗ ನಿದ್ದೆಯಲ್ಲಿದ್ದ ಮೊಮ್ಮಗಳ ಪಾದ ಹಿಡಿದು ಕುಳಿತುಬಿಟ್ಟಳು. "ನಾ ಹಾಕಿದ್ನಲ್ಲ. ನನ್ನ ಕೈಯ್ಯಾರ ಹಾಕಿದ್ನಲ್ಲ." ಸೊಸೆ ದೀಪಾವಳಿಯ ಲೆಕ್ಕವನ್ನು ಪರದೆಯ ಮುಂದೆ ಕೂಗಿ ಹೇಳಿದ್ದು ತಿಳಿದಾಗ ಮಾತ್ರ ತಟ್ಟನೆ ಎದ್ದು, ಉಪ್ಪು, ಕೆಂಪು ಮೆಣಸಿನಕಾಯಿ ಹಿಡಿದು ಹುಡುಗಿಗೆ ಮೂರು ಸಲ ನಿವಾಳಿಸಿ ಒಲೆಗೆ ಹಾಕಿದಳು. ಮನೆತುಂಬ ಘಾಟು.

"ಹೊಗಿ ಬಂತು ನೋಡು," ಎಂದಳು ಕೆಮ್ಮುತ್ತ.

"ಮೆಣಸಿನಕಾಯಿ ಸುಟ್ರ ಹೊಗಿ ಬರದ ಏನ್ ಬರ್ತೈತ್ರಿ?"

"ಬಾಯಿ ಮುಚ್ಚು. ಇವತ್ತಿನ ಮಟ್ಟಿಗೆ ನಿನ್ನ ಬಾಯಿ ಕೆಲಸ ಆಗೇತಿ."

ಇಂದುಮತಿ ರಜೆ ಹಾಕಿದಳು. ಮೊದಲ ದಿನ ಸೊನ್ನೆ. ಎರಡನೆಯ ದಿನ ಸೊನ್ನೆ. ಮಗುವಿನ ಮೈಯಿಂದ ಹೆಚ್ಚಿನ ಎಣ್ಣೆ ಇಳಿಯತೊಡಗಿ ದಾಕ್ಷಿ ಎಚ್ಚರಾದಳು. ಹಸಿವೆಯೆಂದು ನಾಲ್ಕು ರೊಟ್ಟಿ ತಿಂದಳು. ಅಜ್ಜಿಯ ಎಲೆ ಅಡಿಕೆ ಚೀಲ ಬಚ್ಚಿಟ್ಟು ಕುಣಿಸಿದಳು. ಮೂರನೆಯ ದಿನ ಬೀಗ ಹಾಕಿದ ಮುಚ್ಚಳದ ಮುಂದೆ ಹಂಪವ್ವನೇ ಸೆರಗು ತಲೆಯ ಮೇಲೆ ಎಳೆದುಕೊಂಡು, ಕಣ್ಣು ಮುಚ್ಚಿ, "ಸೊನ್ನೆ" ಎಂದಳು. ತನ್ನ ಕೈ ತಪ್ಪಿಗೆ ಅವಳು ತೆತ್ತ ದಂಡ ಅದು.

ನಾಲ್ಕನೆಯ ದಿನ ಮಧ್ಯಾಹ್ನ ದಾಕ್ಷಿ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ಮೂರನೆಯ ಮನೆಗೆ ಜಿಗಿದ ಕಾಲು ನೆಲಕ್ಕೆ ಸರಿಯಾಗಿ ಊರಲಿಲ್ಲ.

ಇಂದುಮತಿ ತಲುಪುವಷ್ಟರಲ್ಲಿ ಹುಡುಗಿಯ ಬೆನ್ನು ಬಿಲ್ಲಿನಂತೆ ಸೆಟೆದಿತ್ತು. ಮಗ್ಗುಲಿಗೆ ತಿರುಗಿಸಿದಳು, ತಲೆಯ ಕೆಳಗೆ ತನ್ನ ಕೈಯಿಟ್ಟಳು, ಗಡಿಯಾರ ನೋಡಿದಳು. ಐವತ್ತು ಸೆಕೆಂಡು. ಒಂದು ನಿಮಿಷ. ಒಂದು ನಿಮಿಷ ಇಪ್ಪತ್ತು. ಬೆರಳುಗಳು ಸಡಿಲವಾದವು.

ಹಂಪವ್ವ ಬಾಗಿಲಲ್ಲಿ ನಿಂತಿದ್ದಳು. "ಹೇಳಿದ್ದೆ. ಮೂರು ದಿನ ಬಾಯಿ ಬಿಟ್ಟು ಹೇಳಿದ್ವಿ, ನಾಲ್ಕನೇ ದಿನಕ್ಕ ಬಂತು."

"ಎಣ್ಣಿ ನಿಂತೈತಿ ಅಂತ ಬಂತು ಅತ್ತೀ."

"ಹಂಗಂತ ನಿನಗ ಯಾರು ಹೇಳ್ಯಾರ?"

ಇಂದುಮತಿಯ ಬಳಿ ವಿಜ್ಞಾನವೆಲ್ಲ ಇತ್ತು. ಹನಿಯ ಲೆಕ್ಕ, ಎಷ್ಟು ದಿನಕ್ಕೆ ಮೈಯಿಂದ ಎಣ್ಣೆ ಇಳಿಯುತ್ತದೆಂಬ ಲೆಕ್ಕ, ಎಲ್ಲ. ಆದರೆ ಅಂಗಳದ ಧೂಳಿನಲ್ಲಿ ಮಗಳ ತಲೆ ಹಿಡಿದು ಕುಳಿತವಳಿಗೆ ಅತ್ತೆಯ ಲೆಕ್ಕವೂ ಅಷ್ಟೇ ಸರಿಯಾಗಿ ಕೂಡಿಕೊಳ್ಳುವುದು ಕಂಡಿತು. ನಾಲ್ಕನೆಯ ದಿನವನ್ನು ಇಬ್ಬರೂ ತಂತಮ್ಮ ಸಾಕ್ಷಿಯಾಗಿ ಹಿಡಿದಿದ್ದರು. ಅವಳು ಸೆರಗಿನಿಂದ ಮಗಳ ಬಾಯಿ ಒರೆಸಿದಳು.

ಐದನೆಯ ದಿನ ಎರಡು. ಆರನೆಯ ದಿನ ಎರಡು. ಏಳನೆಯ ದಿನ ಮೂರು. ಇಂದುಮತಿ ಒಂದೊಂದನ್ನೂ ನಿಮಿಷ ಸಮೇತ ಬರೆದು ಕಳಿಸಿದಳು. ಏಳನೆಯ ದಿನ ಸಂಜೆ ಫಯಾಜ್ ಹೊಸ ಬಾಟಲಿ ಹಿಡಿದು ತಾನೇ ಬಂದ. ಜಿಲ್ಲೆಯ ಎಲ್ಲರ ಹನಿ ತಿದ್ದುತ್ತಿದ್ದಾರಂತೆ. ಗೌರಾಬಾಯಿಯ ಮಗನಿಗೆ ಹತ್ತೊಂಬತ್ತರಿಂದ ಎಂಟಕ್ಕೆ ಇಳಿಸಿದ್ದಾರಂತೆ. ಯಾರ ಮಗಳ ಹೆಸರು ಹೊಡೆದು ಇದಾಯಿತೆಂದು ಊರಿಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡವೆಂದಳು ಇಂದುಮತಿ.

ಮರುದಿನ ಬೆಳಿಗ್ಗೆ ಏಳಕ್ಕೆ ಆರು ಹನಿ. ಅದರ ಮರುದಿನ ಆರು ಹನಿ. ಹೀಗೆ ಹತ್ತು ದಿನ. ಆಮೇಲೆ ಏಳು, ಆಮೇಲೆ ಎಂಟು. ತಡೆಯ ಮೂವತ್ತು ದಿನ ಮುಗಿದವು, ಪೂರೈಕೆ ನಿಲ್ಲಲಿಲ್ಲ. ಹತ್ತು ಹನಿ ಬೀಳುತ್ತಿದ್ದ ದಿನಗಳಲ್ಲಿ ಒಂದು ಇಡೀ ದಿನ ಏನೂ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಇಂದುಮತಿ ಆರೂವರೆಯ ಬಸ್ಸು ಬಿಟ್ಟು ಮನೆಯಲ್ಲೇ ಉಳಿದಳು. ಏಳಕ್ಕೆ ಮುಚ್ಚಳ ಕೇಳಿತು: "ನಿನ್ನೆ ಎಷ್ಟು ಸಲ ಬಂತು?"

ಹಂಪವ್ವ ಸೊಸೆಯ ಮುಖ ನೋಡಿದಳು. ಸೊಸೆ ಅತ್ತೆಯ ಮುಖ ನೋಡಿದಳು. ಹಂಪವ್ವ ತುಟಿ ಬಿಗಿದು ತಲೆಯಾಡಿಸಿದಳು. ಇನ್ನು ಆ ಪದ ಅವಳ ಬಾಯಿಂದ ಬಾರದು. ಇಂದುಮತಿ ಉಸಿರು ತೆಗೆದುಕೊಂಡಳು. ಅವಳ ನಾಲಿಗೆಯೂ ಏಳಲಿಲ್ಲ. ಮುಚ್ಚಳ ಮತ್ತೊಮ್ಮೆ ಕೇಳಿತು.

"ಸರೀರಿ ಇಬ್ಬರೂ," ಎಂದಳು ದಾಕ್ಷಿ. ನಾಲಿಗೆ ಕಚ್ಚಿಕೊಂಡ ಗಾಯ ಇನ್ನೂ ಮಾಯದ್ದರಿಂದ ಮಾತು ಸ್ವಲ್ಪ ತೊದಲುತ್ತಿತ್ತು. "ಬರೋದು ನನಗ. ಹೇಳೋದು ನೀವು. ಇದೆಲ್ಲಿ ನ್ಯಾಯ?"

ಹತ್ತು ತುಂಬಿದ ಮಕ್ಕಳು ತಾವೇ ಹೇಳಬಹುದು ಎಂದು ನಿಯಮದಲ್ಲಿ ಮೊದಲಿನಿಂದಲೂ ಬರೆದಿತ್ತು. ಆ ಸಾಲನ್ನು ಯಾವ ಮನೆಯ ದೊಡ್ಡವರೂ ಓದಿರಲಿಲ್ಲ.

ಹುಡುಗಿ ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತಿ ಬಾಯಿಯ ಹತ್ತಿರ ಹಿಡಿದಳು.

"ಮೊನ್ನೆ ಒಂದು ಬಂದಿತ್ತು. ನಿನ್ನೆ ಬಂದಿಲ್ಲ. ನಾಳಿದು ನಾಳೆ ಹೇಳ್ತೀನಿ. ಈಗ ಲಗೂನ ಹಾಕು, ಸಾಲಿಗೆ ಹೊತ್ತಾಗ್ತೈತಿ."